ಗಾಳದ ದಾರ: ಗಟ್ಟಿಯಾದದ್ದೆಲ್ಲ ಒಳ್ಳೆಯದೇ?

ಮುಂಗಾರು ಮಳೆ ಹಿಡಿದು ಹಳ್ಳ-ಕೆರೆಗಳಿಗೆ ಹೊಸ ನೀರು ಬಂತೆಂದರೆ ನಮ್ಮ ಭಾಗದ ಹುಡುಗರ ಕೈಗೆ ಗಾಳದ ಕೋಲು ಬರುತ್ತದೆ. ಕನ್ನಡದಲ್ಲಿ ‘ಗಾಳ’, ಮರಾಠಿಯಲ್ಲಿ ‘ಗಳ’. ಗಡಿಯ ಎರಡೂ ಕಡೆ ಶಬ್ದವೂ ಹೆಚ್ಚುಕಡಿಮೆ ಒಂದೇ, ಆಸೆಯೂ ಒಂದೇ. ಮುರುಮದ ಕಡೆಯ ಬೆಣ್ಣೆತೊರೆಯ ನೀರು ಕಾಗಿಣೆಯನ್ನು ಸೇರಿ, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ತೇರಣಾ ನದಿಯ ನೀರು ಮಾಂಜರಾ ನದಿಯನ್ನು ಕೂಡಿ ಗೋದಾವರಿಗೆ ಹೋಗುತ್ತದೆ. ಹೀಗೆ ಎರಡು ಮಹಾನದಿಗಳಿಗೆ ನೀರು ಹಂಚುವ ನಾಡಿನಲ್ಲಿ ನಾವಿದ್ದೇವೆ. ಇಲ್ಲಿ ಗಾಳ ಹಾಕುವವರಿಗೇನು ಕೊರತೆ!

ಹಿಂದೆ ಕೈಗೆ ಸಿಕ್ಕ ದಾರವೇ ಗಾಳದ ದಾರವಾಗಿತ್ತು. ಈಗ ಪೇಟೆಯ ಅಂಗಡಿಗಳಲ್ಲಿ ಹಸಿರು, ಹಳದಿ, ಕಂದು ಬಣ್ಣದ ‘ಹೆಣೆದ ದಾರ’ದ ಉರುಳೆಗಳು ಬಂದಿವೆ. “ಇದಕ್ಕಿಂತ ಗಟ್ಟಿ ಬೇರೆ ಇಲ್ಲ” ಎಂದು ಅಂಗಡಿಯವರು ಹೇಳುತ್ತಾರೆ. ಮಕ್ಕಳು ಅದನ್ನೇ ಬೇಕೆನ್ನುತ್ತಾರೆ. ಸಾದಾ ನೈಲಾನ್ ದಾರಕ್ಕಿಂತ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು. ಕೊಡಿಸಬೇಕೋ ಬೇಡವೋ ಎಂಬುದು ಪಾಲಕರ ಚಿಂತೆ. ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ಈ ಲೇಖನದ ಉದ್ದೇಶ. ಮೀನು ತಿನ್ನದ, ಗಾಳ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ ಇವೆ. ಅವರೂ ಇದನ್ನು ಓದಬೇಕೆಂದು ನಮ್ಮ ವಿನಂತಿ. ಏಕೆಂದರೆ ಕೆರೆಯ ದಂಡೆಯಲ್ಲಿ ಬಿಟ್ಟುಹೋದ ದಾರವು ತಿನ್ನುವವರ ಕಾಲು, ತಿನ್ನದವರ ಕಾಲು ಎಂದು ಭೇದ ಮಾಡುವುದಿಲ್ಲ.

ಕಲ್ಯಾಣದಿಂದ ನೈಲಾನಿನವರೆಗೆ

ಗಾಳ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಮೀನುಗಳ ಜಾತಿಗಳು, ಯಾವ ಮೀನಿಗೆ ಯಾವ ತಿನಿಸು, ಗಾಳದಿಂದ ಅವನ್ನು ಹಿಡಿಯುವ ಬಗೆ ಇವೆಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. ಎಲ್ಲ ಮೀನಿಗೂ ಒಂದೇ ಉಪಾಯ ನಡೆಯದೆಂಬುದು ಆ ಕಾಲದವರಿಗೂ ತಿಳಿದಿತ್ತು.

ಬಹುಕಾಲ ದಾರವೆಂದರೆ ಗಿಡದ ನಾರು, ಹತ್ತಿ ನೂಲು ಅಥವಾ ರೇಷ್ಮೆ. ಇವು ನೀರು ಕುಡಿಯುತ್ತವೆ, ಒಣಗಿಸದಿದ್ದರೆ ಕೊಳೆಯುತ್ತವೆ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವಾಲೇಸ್ ಕರೋದರ್ಸ್ ಎಂಬ ವಿಜ್ಞಾನಿ ನೈಲಾನನ್ನು ತಯಾರಿಸಿದ ಮೇಲೆ ಕೊಳೆಯದ ದಾರ ಬಂತು. ನಾವು ಸಾಮಾನ್ಯವಾಗಿ ನೋಡುವ ಗಾಜಿನಂತಹ ನೈಲಾನ್ ದಾರವು ಒಂದೇ ಎಳೆಯದು.

ಹೆಣೆದ ದಾರದ ಕಥೆ ಬೇರೆ. ಅದು ಪಾಲಿಥೀನ್ ಜಾತಿಗೆ ಸೇರಿದ್ದು. ಹಾಲಿನ ಚೀಲವೂ ಪಾಲಿಥೀನೇ. ಆದರೆ ಈ ದಾರದಲ್ಲಿ ಪಾಲಿಥೀನಿನ ಅಣುಸರಪಳಿಗಳು ಅತಿ ಉದ್ದವಾಗಿದ್ದು, ಎಲ್ಲವೂ ದಾರದ ಉದ್ದಕ್ಕೇ ಸಾಲಾಗಿ ನಿಂತಿರುತ್ತವೆ. ಅಡ್ಡಾದಿಡ್ಡಿಯಾಗಿ ನಿಂತ ಜನರಿಗಿಂತ ಒಂದೇ ಸಾಲಿನಲ್ಲಿ ನಿಂತು ಹಗ್ಗ ಜಗ್ಗುವವರ ಬಲ ಹೆಚ್ಚಲ್ಲವೇ? ಇಂತಹ ನೂಲನ್ನು ತೆಗೆಯುವ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ನೆದರ್‌ಲ್ಯಾಂಡ್ಸಿನ ಡಿ.ಎಸ್.ಎಂ. ಕಂಪನಿಯಲ್ಲಿ ಕಂಡುಹಿಡಿಯಲಾಯಿತು. ‘ಡೈನೀಮಾ’, ‘ಸ್ಪೆಕ್ಟ್ರಾ’ ಎಂಬ ಹೆಸರುಗಳು ಇಂತಹ ನೂಲಿನವೇ.

ಹೆಣೆಯುವುದೇಕೆ?

ಪುಂಡಿನಾರಿನ ಹಗ್ಗವನ್ನು ನೋಡಿ. ಅದು ಹೊಸೆದದ್ದು. ಎಳೆಗಳೆಲ್ಲ ಒಂದೇ ದಿಕ್ಕಿಗೆ ಸುತ್ತಿಕೊಂಡಿರುವುದರಿಂದ, ಒಂದು ತುದಿಗೆ ಭಾರ ಕಟ್ಟಿ ತೂಗುಬಿಟ್ಟರೆ ಗಿರ್ರನೆ ತಿರುಗಿ ಹುರಿ ಬಿಚ್ಚತೊಡಗುತ್ತದೆ. ತಂಗಿಯ ಜಡೆಯನ್ನು ನೋಡಿ. ಅದು ಹೆಣೆದದ್ದು. ಎಳೆಗಳು ಒಂದನ್ನೊಂದು ದಾಟಿ ಎಡಕ್ಕೂ ಬಲಕ್ಕೂ ಹೋಗುವುದರಿಂದ ಅದು ತಾನಾಗಿ ತಿರುಗುವುದಿಲ್ಲ. ಗಾಳದ ದಾರವನ್ನು ಹೆಣೆಯುವುದೂ ಇದಕ್ಕಾಗಿಯೇ. 4 ಎಳೆಯ ದಾರದಲ್ಲಿ 2 ಎಳೆ ಎಡಕ್ಕೆ, 2 ಬಲಕ್ಕೆ. 8 ಎಳೆಯದರಲ್ಲಿ 4 ಎಡಕ್ಕೆ, 4 ಬಲಕ್ಕೆ. 8 ಎಳೆಯದು ದುಂಡಗೆ, ನುಣ್ಣಗೆ ಇರುತ್ತದೆ. ಎಸೆದಾಗ ಸದ್ದಿಲ್ಲದೆ ದೂರ ಹೋಗುತ್ತದೆ. 4 ಎಳೆಯದು ಸ್ವಲ್ಪ ಒರಟು. ಆದರೆ ಒಂದೇ ದಪ್ಪದ ಎರಡು ದಾರಗಳಲ್ಲಿ 4 ಎಳೆಯದರ ಒಂದೊಂದು ಎಳೆಯೂ ದಪ್ಪವಾಗಿರುವುದರಿಂದ ಅದು ಉಜ್ಜಾಟವನ್ನು ಹೆಚ್ಚು ತಾಳುತ್ತದೆ, ಬೆಲೆಯೂ ಕಡಿಮೆ.

ಗುಣವೇ ದೋಷವಾದಾಗ

ಹೆಣೆದ ದಾರದ ಗುಣಗಳನ್ನು ಲೆಕ್ಕ ಹಾಕೋಣ. ಸುಮಾರು 9 ಕಿಲೋ ತಾಳುವ ನೈಲಾನ್ ದಾರದ ವ್ಯಾಸ 0.40 ಮಿ.ಮೀ.ಗಿಂತ ಹೆಚ್ಚಿದ್ದರೆ, ಅಷ್ಟೇ ತಾಳುವ ಹೆಣೆದ ದಾರದ ವ್ಯಾಸ ಅದರ ಅರ್ಧದಷ್ಟು. ವ್ಯಾಸ ಅರ್ಧವಾದರೆ ಅಡ್ಡಕೊಯ್ತದ ಕ್ಷೇತ್ರಫಲ ಕಾಲು ಭಾಗವಾಗುತ್ತದೆಂಬುದನ್ನು ಮೇಲಿನ ತರಗತಿಯವರು ತಾವೇ ಮಾಡಿ ನೋಡಬಹುದು. ತೆಳುವಾದ ದಾರವನ್ನು ಗಾಳಿ ಮತ್ತು ನೀರು ಕಡಿಮೆ ಎಳೆಯುತ್ತವೆ.

ಎರಡನೆಯದು, ಹಿಗ್ಗುವಿಕೆ. ನೈಲಾನ್ ಹರಿಯುವ ಮೊದಲು ನೂರಕ್ಕೆ 20ರಷ್ಟು ಹಿಗ್ಗಬಹುದು. ಹೆಣೆದ ದಾರ ಹಿಗ್ಗುವುದು ನೂರಕ್ಕೆ 4ರಷ್ಟು ಮಾತ್ರ. 30 ಮೀಟರ್ ದಾರ ಬಿಟ್ಟಿದ್ದರೆ ನೈಲಾನ್ 6 ಮೀಟರಿನವರೆಗೂ ಹಿಗ್ಗೀತು, ಹೆಣೆದದ್ದು ಸುಮಾರು ಒಂದು ಮೀಟರು ಹಿಗ್ಗೀತು. ಆದ್ದರಿಂದ ದೂರದಲ್ಲಿ ಮೀನು ಮೆಲ್ಲನೆ ಮುಟ್ಟಿದರೂ ಹೆಣೆದ ದಾರ ಕೈಗೆ ತಿಳಿಸುತ್ತದೆ.

ಆದರೆ ಇದೇ ಗುಣ ದೋಷವೂ ಆಗುತ್ತದೆ. ಮೀನು ತಟ್ಟನೆ ಜಗ್ಗಿದಾಗ ಆ ಏಟನ್ನು ಹಿಗ್ಗುವ ದಾರ ನುಂಗಿಕೊಳ್ಳುತ್ತದೆ. ಹಿಗ್ಗದ ದಾರ ಅದನ್ನು ನೇರವಾಗಿ ಗಂಟಿಗೆ, ಕೋಲಿಗೆ, ಮೀನಿನ ಬಾಯಿಗೆ ಮುಟ್ಟಿಸುತ್ತದೆ. ಗಂಟು ಬಿಚ್ಚುತ್ತದೆ, ಕೋಲು ಮುರಿಯುತ್ತದೆ, ಇಲ್ಲವೇ ಮೀನಿನ ತುಟಿ ಹರಿಯುತ್ತದೆ.

ಮೂರನೆಯದು ನಮ್ಮ ನೆಲದ ಮಾತು. ದಖ್ಖನ್ನಿನ ಕರಿಕಲ್ಲಿನ ಅಂಚು ಹರಿತ. ಕೂದಲಿನಂತಹ ನೂಲುಗಳಿಂದ ಹೆಣೆದ ದಾರ ಬಿಗಿಯಾಗಿ ನಿಂತು ಈ ಕಲ್ಲಿಗೆ ಉಜ್ಜಿದರೆ, ಒಂದೊಂದೇ ನೂಲು ಕತ್ತರಿಸಿ ದಾರ ಹರಿದುಹೋಗುತ್ತದೆ. ಅಂತಹ ಕಡೆ ದಪ್ಪ ನೈಲಾನ್ ಹೆಚ್ಚು ಬಾಳುತ್ತದೆ.

ನಾಲ್ಕನೆಯದು, ಮುಳುಗುವಿಕೆ. ನೀರಿನ ಸಾಂದ್ರತೆ 1. ಹೆಣೆದ ಪಾಲಿಥೀನ್ ದಾರದ್ದು 0.97, ಅದು ತೇಲುತ್ತದೆ. ನೈಲಾನಿನದು ಸುಮಾರು 1.14, ಅದು ಮೆಲ್ಲನೆ ಮುಳುಗುತ್ತದೆ. ಫ್ಲೋರೋಕಾರ್ಬನ್ ಎಂಬ ಮತ್ತೊಂದು ದಾರದ್ದು ಸುಮಾರು 1.78, ಅದು ಬೇಗ ಮುಳುಗುತ್ತದೆ. ಇದರ ವಕ್ರೀಭವನ ಸೂಚ್ಯಂಕ 1.42. ನೀರಿನ 1.33ಕ್ಕೆ ಇದು ನೈಲಾನಿಗಿಂತ ಹತ್ತಿರವಾಗಿರುವುದರಿಂದ ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಹೆಣೆದ ದಾರವಾದರೋ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ.

ಯಾವುದಕ್ಕೆ ಯಾವ ದಾರ?

1. ಬಿದಿರು ಕೋಲು ಮತ್ತು ಬೆಂಡು: ಜೋಳದ ದಂಟಿನ ಬೆಂಡು ಕಟ್ಟಿ, ಎರೆಹುಳ ಚುಚ್ಚಿ ಸಣ್ಣ ಮೀನು ಹಿಡಿಯುವವರಿಗೆ 0.20ರಿಂದ 0.25 ಮಿ.ಮೀ. ನೈಲಾನ್ ಸಾಕು. ಈ ಕೋಲಿಗೆ ರೀಲು ಇರುವುದಿಲ್ಲ. ಮೀನು ಜಗ್ಗಿದಾಗ ಬಿಡಲು ಹೆಚ್ಚಿನ ದಾರವಿಲ್ಲದ್ದರಿಂದ ಹಿಗ್ಗುವ ದಾರವೇ ಬೇಕು. ಹೆಣೆದ ದಾರ ಇಲ್ಲಿ ದಂಡ.

2. ತಳಗಾಳ: ಹಿಟ್ಟಿನ ಉಂಡೆ ಕಟ್ಟಿ, ಸೀಸದ ಗುಂಡಿನಿಂದ ತಳಕ್ಕೆ ಇಳಿಸಿ ರೋಹು, ಮೃಗಾಲ್, ಗೆಂಡೆ ಮೀನುಗಳಿಗೆ ಕಾಯುವವರಿಗೆ 0.30ರಿಂದ 0.35 ಮಿ.ಮೀ. ನೈಲಾನ್ ಯೋಗ್ಯ. ಬಹುದೂರ ಎಸೆಯಬೇಕಾದರೆ ಮಾತ್ರ ಹೆಣೆದ ದಾರ ಹಾಕಿ, ಗಾಳದ ಕಡೆಗೆ ಒಂದೆರಡು ಮಾರು ನೈಲಾನಿನ ‘ತುದಿದಾರ’ ಕಟ್ಟಬೇಕು.

3. ಜೊಂಡಿನಲ್ಲಿ ಮರಳ ಮೀನು: ಜೊಂಡು, ತಾವರೆ, ನೀರಬಳ್ಳಿಗಳ ನಡುವೆ ಅಡಗುವ ಮರಳಕ್ಕೆ ರಬ್ಬರಿನ ಕಪ್ಪೆ ಎಸೆಯುವುದುಂಟು. ಸಿಕ್ಕ ಕೂಡಲೆ ಅದು ಬಳ್ಳಿಯೊಳಗೆ ನುಗ್ಗುತ್ತದೆ. ಇಲ್ಲಿ 13ರಿಂದ 22 ಕಿಲೋ ತಾಳುವ 4 ಎಳೆಯ ಹೆಣೆದ ದಾರಕ್ಕೆ ಸಾಟಿಯಿಲ್ಲ. ಅದು ತೇಲುತ್ತದೆ, ಹಿಗ್ಗುವುದಿಲ್ಲ, ಮೆತ್ತನೆಯ ಬಳ್ಳಿಯನ್ನು ಕೊಯ್ದುಕೊಂಡು ಬರುತ್ತದೆ. ಆದರೆ ಮರಿಗಳ ಗುಂಪನ್ನು ಕಾಯುತ್ತಿರುವ ಮರಳವನ್ನು ಹಿಡಿಯಬಾರದು. ತಾಯಿತಂದೆ ಹೋದರೆ ಮರಿಗಳು ಬದುಕುವುದು ಕಷ್ಟ.

4. ತಿಳಿನೀರಿನಲ್ಲಿ ಹುಸಿಮೀನು ಎಸೆಯುವುದು: ತಗಡಿನ ಅಥವಾ ಮರದ ಹುಸಿಮೀನನ್ನು ದೂರ ಎಸೆದು ಎಳೆಯುವವರಿಗೆ 5ರಿಂದ 9 ಕಿಲೋ ತಾಳುವ 8 ಎಳೆಯ ದಾರ, ತುದಿಗೆ ಒಂದು ಮಾರು ಫ್ಲೋರೋಕಾರ್ಬನ್ ಅಥವಾ ನೈಲಾನ್ ಒಳ್ಳೆಯದು.

5. ಆಳವಾದ ಕಡಲು: ಮಲ್ಪೆ, ಕಾರವಾರದಂತಹ ಕಡೆ ದೋಣಿಯಿಂದ ಆಳಕ್ಕೆ ದಾರ ಬಿಡುವಾಗ ಹಿಗ್ಗದ ದಾರ ಕೆಳಗಿನ ಸುದ್ದಿಯನ್ನು ಮೇಲೆ ತರುತ್ತದೆ. ಆದರೆ ಅದನ್ನು ರೀಲಿನಿಂದಲೇ ಎಳೆಯಬೇಕು. ಬರಿಗೈಯಿಂದ ಎಳೆದರೆ ಬೆರಳು ಕೊಯ್ಯುತ್ತದೆ.

ದಾರವೊಂದೇ ಎಲ್ಲವನ್ನೂ ಮಾಡುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಇಂದಿನ ಹೆಣೆದ ಪಾಲಿಥೀನ್ ದಾರ ಆಗ ಇರಲೇ ಇಲ್ಲ. ನೀರಿನೊಳಗೆ ಮೀನಿನ ಭಾರವನ್ನು ನೀರೇ ಹೊರುತ್ತದೆ. ತಾಳ್ಮೆಯಿಂದ ದಾರ ಬಿಟ್ಟು ಎಳೆದು ದಣಿಸಿದರೆ ಸಾಧಾರಣ ದಾರವೂ ದೊಡ್ಡ ಮೀನನ್ನು ದಂಡೆಗೆ ತರುತ್ತದೆ. ದಂಡೆಗೆ ಬಂದ ಮೀನನ್ನು ದಾರ ಹಿಡಿದು ಮೇಲೆತ್ತಿದಾಗಲೇ ಪೂರ್ಣ ಭಾರ ಬಿದ್ದು ದಾರ ಹರಿಯುತ್ತದೆ. ಆಗ ಕೈಬಲೆ ಒಡ್ಡಬೇಕು.

ಗಂಟು ಮತ್ತು ಒಂದು ಪ್ರಯೋಗ

ಉರುಳೆಯ ಮೇಲೆ ತಾಳುವ ಭಾರವನ್ನು ಪೌಂಡಿನಲ್ಲಿ ಬರೆದಿದ್ದರೆ ಎರಡರಿಂದ ಭಾಗಿಸಿ, ಸ್ವಲ್ಪ ಕಡಿಮೆ ಮಾಡಿದರೆ ಕಿಲೋ ಸಿಗುತ್ತದೆ. 20 ಪೌಂಡ್ ಎಂದರೆ ಸುಮಾರು 9 ಕಿಲೋ. ಆದರೆ ದಾರ ಎಷ್ಟೇ ಗಟ್ಟಿಯಿರಲಿ, ಅದರ ನಿಜವಾದ ಬಲ ಗಂಟಿನ ಬಲವೇ. ಇದನ್ನು ಗುರುಗಳ ಎದುರಿನಲ್ಲಿ ಶಾಲೆಯಲ್ಲೇ ಪರೀಕ್ಷಿಸಬಹುದು. 0.20 ಮಿ.ಮೀ. ನೈಲಾನಿನ ಒಂದು ತುದಿಯನ್ನು ನುಣುಪಾದ ಕೋಲಿಗೆ ಹತ್ತು ಸುತ್ತು ಸುತ್ತಿ ಮೇಲೆ ಭದ್ರಪಡಿಸಿ, ಇನ್ನೊಂದು ತುದಿಯನ್ನೂ ಹಾಗೆಯೇ ಚಿಕ್ಕ ಬಕೆಟ್ಟಿನ ಹಿಡಿಕೆಗೆ ಸುತ್ತಿ. ಬಕೆಟ್ಟು ನೆಲದಿಂದ ನಾಲ್ಕು ಬೆರಳು ಮಾತ್ರ ಮೇಲಿರಲಿ, ಮುಖ-ಕಾಲುಗಳು ದೂರವಿರಲಿ. ಲೋಟದಿಂದ ನೀರು ಹಾಕುತ್ತ ಹೋಗಿ. ಒಂದು ಲೀಟರ್ ನೀರು ಒಂದು ಕಿಲೋ. ಬಕೆಟ್ಟಿನ ತೂಕವನ್ನೂ ಕೂಡಿಸಿ. ಬಳಿಕ ಅದೇ ದಾರದ ನಡುವೆ ಒಂದು ಸಾದಾ ಗಂಟು ಹಾಕಿ ಮತ್ತೆ ಮಾಡಿ. ಎರಡು ಸಂಖ್ಯೆಗಳ ಅಂತರ ನೋಡಿದರೆ ಗಂಟಿನ ಮಹತ್ವ ತಾನೇ ತಿಳಿಯುತ್ತದೆ.

ಹೆಣೆದ ದಾರ ಬಹಳ ನುಣುಪು. ಆದ್ದರಿಂದ ಅದನ್ನು ಇಮ್ಮಡಿ ಮಾಡಿ, ಹೆಚ್ಚು ಸುತ್ತು ಹಾಕಿ ಗಂಟು ಕಟ್ಟಬೇಕು. ಬಿಗಿಯುವ ಮುನ್ನ ಗಂಟನ್ನು ನೀರಿನಿಂದ ಒದ್ದೆ ಮಾಡಬೇಕು. ಒಣಗಿದ್ದಾಗ ಬಿಗಿದರೆ ಘರ್ಷಣೆಯ ಶಾಖದಿಂದ ದಾರ ಬಲಗುಂದುತ್ತದೆ. ರೀಲಿಗೆ ಮೊದಲು ಕೆಲವು ಸುತ್ತು ನೈಲಾನ್ ಸುತ್ತಿ ಅದರ ಮೇಲೆ ಹೆಣೆದ ದಾರ ಸುತ್ತಿದರೆ ಜಾರುವುದಿಲ್ಲ, ಹಣವೂ ಉಳಿಯುತ್ತದೆ.

ಹರಿಯಬೇಕಾದಲ್ಲಿ ಹರಿಯುವ ದಾರ

ಮನೆಯ ವಿದ್ಯುತ್ತಿನಲ್ಲಿ ಫ್ಯೂಸ್ ತಂತಿಯನ್ನು ಬೇಕೆಂದೇ ತೆಳುವಾಗಿ ಇಡುತ್ತಾರೆ. ಕೆಟ್ಟ ಗಳಿಗೆಯಲ್ಲಿ ಅದು ಸುಟ್ಟು ಮನೆಯನ್ನು ಉಳಿಸುತ್ತದೆ. ತುದಿದಾರವೂ ಹಾಗೆಯೇ ಮುಖ್ಯ ದಾರಕ್ಕಿಂತ ಬಲದಲ್ಲಿ ಕಡಿಮೆಯಿರಬೇಕು. ಗಾಳ ಕಲ್ಲಿಗೋ ಮುಳುಗಿದ ಜಾಲಿಗೋ ಸಿಕ್ಕಿದರೆ ಗಾಳದ ಬಳಿಯೇ ಹರಿಯುತ್ತದೆ, ಗೇಣುದ್ದ ದಾರ ಮಾತ್ರ ನೀರಿನಲ್ಲಿ ಉಳಿಯುತ್ತದೆ. ಎಲ್ಲವೂ ಅತಿ ಗಟ್ಟಿಯಾಗಿದ್ದರೆ ಎಲ್ಲೋ ನಡುವೆ ಹರಿದು, ಹತ್ತಾರು ಮೀಟರ್ ದಾರ ಕೆರೆಯ ಪಾಲಾಗುತ್ತದೆ. ಅದು ಹತ್ತಿ ನೂಲಿನಂತೆ ಕೊಳೆಯುವುದಿಲ್ಲ. ಬೆಳ್ಳಕ್ಕಿಯ ಕಾಲಿಗೆ, ನೀರುಕಾಗೆಯ ರೆಕ್ಕೆಗೆ, ಆಮೆಯ ಕೊರಳಿಗೆ ಸುತ್ತುತ್ತದೆ. ನೀರು ಕುಡಿಯಲು ಇಳಿದ ದನದ ಗೊರಸಿಗೂ ಸಿಕ್ಕುತ್ತದೆ. ಗಾಳಿಪಟದ ನೈಲಾನ್ ಮಾಂಜಾ ಹಕ್ಕಿಗಳನ್ನೂ ಮನುಷ್ಯರನ್ನೂ ಕೊಯ್ಯುತ್ತಿದ್ದುದರಿಂದಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತು. ಗಾಳದ ದಾರವೂ ಆ ಜಾತಿಯದೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಕೆಲವು ನಿಯಮಗಳನ್ನು ಪಾಲಿಸೋಣ. ಸಿಕ್ಕಿಕೊಂಡ ದಾರವನ್ನು ಕೈಗೆ ಸುತ್ತಿ ಜಗ್ಗಬಾರದು, ಒಂದು ಕಟ್ಟಿಗೆಗೆ ಸುತ್ತಿ ಎಳೆಯಬೇಕು. ಕೆಟ್ಟ ದಾರವನ್ನು ಬೆರಳುದ್ದ ತುಂಡು ಮಾಡಿ, ಮುಚ್ಚಳವಿರುವ ಬಾಟಲಿಯಲ್ಲಿ ಹಾಕಿ ಮನೆಗೆ ತರಬೇಕು, ಸುಡಬಾರದು. ಕಾರ್ಬನ್ನಿನ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಕರೆಂಟಿನ ತಂತಿಯ ಕೆಳಗೆ ಅದನ್ನು ಎತ್ತಬಾರದು. ಅನೇಕ ಕೆರೆ-ಧರಣಗಳನ್ನು ಮೀನುಗಾರರ ಸಹಕಾರಿ ಸಂಘಗಳು ಗುತ್ತಿಗೆ ಹಿಡಿದು ಮರಿ ಬಿಟ್ಟಿರುತ್ತವೆ. ಅವರ ಅನ್ನ ಅಲ್ಲಿದೆ, ಕೇಳದೆ ಗಾಳ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎರೆಮಣ್ಣಿನ ಜಾರುವ ದಂಡೆಗೆ ಮಕ್ಕಳು ದೊಡ್ಡವರಿಲ್ಲದೆ ಹೋಗಕೂಡದು. ಸಿಕ್ಕ ಗಾಳವನ್ನು ಬಿಡಿಸಲು ನೀರಿಗೆ ಇಳಿಯಲೇಕೂಡದು. ಗಾಳದ ಬೆಲೆ ಕೆಲವು ರೂಪಾಯಿ, ಜೀವಕ್ಕೆ ಬೆಲೆಯಿಲ್ಲ.

ಪಾಲಕರು ಕೇಳುವ ಪ್ರಶ್ನೆಗೆ ಈಗ ಉತ್ತರ ಸುಲಭ. ಕಲಿಯುವ ಹುಡುಗನಿಗೆ ಒಂದು ಸಾದಾ ನೈಲಾನ್ ಉರುಳೆ ಸಾಕು. ಜೊಂಡಿನ ನೀರಿಗೋ ದೂರದ ಎಸೆತಕ್ಕೋ ಅವನು ಬೆಳೆದಾಗ ಹೆಣೆದ ದಾರದ ಮಾತು. ಅಂಗಡಿಯಲ್ಲಿ “ಯಾವುದು ಎಲ್ಲಕ್ಕಿಂತ ಗಟ್ಟಿ?” ಎಂದು ಕೇಳುವ ಮೊದಲು “ನನ್ನ ನೀರು ಯಾವುದು, ನನ್ನ ಮೀನು ಯಾವುದು, ನನ್ನ ಕೈ ಎಂತಹದು?” ಎಂದು ತನ್ನನ್ನೇ ಕೇಳಿಕೊಳ್ಳುವವನಿಗೆ ಸರಿಯಾದ ದಾರ ಸಿಗುತ್ತದೆ.