ಯೆರೂಸಲೇಮ್: ಅದರ ಚರಿತ್ರೆಯೂ ಪ್ರೇಕ್ಷಣೀಯ ಸ್ಥಳಗಳೂ

ಯೆರೂಸಲೇಮ್ ಎಂಬ ಹೆಸರನ್ನು ಬಾಲ್ಯದಲ್ಲಿ ಕೇಳದವರು ನಮ್ಮ ವಾಚಕರಲ್ಲಿ ವಿರಳ. ಸತ್ಯವೇದದ ಪಾಠದಲ್ಲಿ ಅದರ ಬೆಟ್ಟಗಳ ಹೆಸರುಗಳನ್ನು ಕಂಠಪಾಠಮಾಡಿದ ಬಾಲಿಕೆಯರು ಇಂದು ತಾಯಂದಿರಾಗಿ ತಮ್ಮ ಮಕ್ಕಳಿಗೆ ಅವೇ ಹೆಸರುಗಳನ್ನು ಹೇಳಿಕೊಡುತ್ತಿರಬಹುದು. ಆದರೆ ಹೆಸರನ್ನು ಬಲ್ಲವರೆಲ್ಲರೂ ಊರನ್ನು ಬಲ್ಲವರಲ್ಲ. ಅದು ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಈ ಮೂವರಿಗೂ ಪವಿತ್ರವಾದ ಪಟ್ಟಣ. ಅದರ ಹೆಸರಿಗೆ ಶಾಂತಿಯ ಪಟ್ಟಣವೆಂದು ಅರ್ಥ ಹೇಳುವ ವಾಡಿಕೆಯುಂಟು. ಅದರ ಚರಿತ್ರೆಯಾದರೋ ಬಹುಮಟ್ಟಿಗೆ ಯುದ್ಧಗಳ ಚರಿತ್ರೆ. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ನಗರದ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಯೆರೂಸಲೇಮು ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿ ಎತ್ತರದಲ್ಲಿ ಬೆಟ್ಟಗಳ ನೆತ್ತಿಯ ಮೇಲೆ ನೆಲೆಸಿರುವುದು. ಅದಕ್ಕೆ ದೊಡ್ಡ ನದಿಯಿಲ್ಲ, ಬಂದರಿಲ್ಲ. ಆದರೂ ಜನರು ಅಲ್ಲಿ ನೆಲೆಸಿದುದಕ್ಕೆ ಮುಖ್ಯ ಕಾರಣ, ಕಿದ್ರೋನ್ ಕಣಿವೆಯ ಬದಿಯಲ್ಲಿ ಹೊರಡುವ ಗೀಹೋನ್ ಎಂಬ ಒಂದು ಬುಗ್ಗೆ. ಬುಗ್ಗೆಯು ಇಳಿಜಾರಿನ ಬುಡದಲ್ಲಿದ್ದುದರಿಂದ ಶತ್ರುಗಳು ಮುತ್ತಿಗೆ ಹಾಕಿದಾಗ ನೀರು ಅವರ ವಶವಾಗುವ ಭಯವಿತ್ತು. ಕ್ರಿ. ಪೂ. ೭೦೧ರಲ್ಲಿ ಅಶ್ಶೂರದ ಅರಸನಾದ ಸನ್ಹೇರೀಬನು ದಂಡೆತ್ತಿ ಬಂದನು. ಅರಸನಾದ ಹಿಜ್ಕೀಯನು ಆ ನೀರನ್ನು ಊರೊಳಗೆ ತರುವುದಕ್ಕಾಗಿ ಬಂಡೆಯ ಒಡಲಿನಲ್ಲಿ ಸುರಂಗವನ್ನು ಕೊರೆಯಿಸಿದನೆಂದು ಸತ್ಯವೇದದಿಂದ ತಿಳಿಯುವೆವು.

ಸುಮಾರು ೧,೭೫೦ ಅಡಿ ಉದ್ದದ ಆ ಸುರಂಗವನ್ನು ಇಂದಿಗೂ ಕಾಣಬಹುದು. ಕೆಲಸಗಾರರು ಎರಡು ತಂಡಗಳಾಗಿ, ಒಂದು ತಂಡವು ಬುಗ್ಗೆಯ ಕಡೆಯಿಂದ, ಇನ್ನೊಂದು ಸಿಲೋವ ಕೊಳದ ಕಡೆಯಿಂದ ಅಗೆಯುತ್ತಾ ಬಂದರು. ನಡುವೆ ಕೆಲವೇ ಮೊಳಗಳಷ್ಟು ಕಲ್ಲು ಉಳಿದಾಗ ಅತ್ತ ಕಡೆಯವರ ಕೂಗು ಇತ್ತ ಕಡೆಯವರಿಗೆ ಕೇಳಿಸಿತು. ಆ ಧ್ವನಿಯ ಕಡೆಗೆ ಕೊರೆದು ಇಬ್ಬರೂ ಕೂಡಿಕೊಂಡರು. ಈ ಸಂಗತಿಯನ್ನು ಸುರಂಗದ ಗೋಡೆಯ ಮೇಲೆ ಇಬ್ರಿಯ ಭಾಷೆಯಲ್ಲಿ ಕೆತ್ತಿಟ್ಟಿದ್ದರು. ಎರಡು ಸಾವಿರದ ಐನೂರು ವರ್ಷಗಳಿಗೂ ಮಿಕ್ಕಿ ಯಾರ ಕಣ್ಣಿಗೂ ಬೀಳದಿದ್ದ ಆ ಬರಹವನ್ನು ೧೮೮೦ರಲ್ಲಿ ನೀರಿನಲ್ಲಿ ಆಡುತ್ತಿದ್ದ ಒಬ್ಬ ಶಾಲಾ ಬಾಲಕನು ಕಂಡನು. ಆ ಕಲ್ಲು ಈಗ ಇಸ್ತಾಂಬುಲ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಸುರಂಗದಲ್ಲಿಯಾದರೋ ಯಾತ್ರಿಕರು ಇಂದಿಗೂ ದೀಪ ಹಿಡಿದು, ನೀರಿನಲ್ಲಿ ಕಾಲಿಟ್ಟು ನಡೆಯುವರು.

ಇನ್ನು ಚರಿತ್ರೆಯ ಮುಖ್ಯ ಘಟನೆಗಳು. ದಾವೀದನು ಸುಮಾರು ಕ್ರಿ. ಪೂ. ೧೦೦೦ದಲ್ಲಿ ಯೆಬೂಸಿಯರಿಂದ ಈ ಕೋಟೆಯನ್ನು ಗೆದ್ದನೆಂದೂ, ಅವನ ಮಗನಾದ ಸೊಲೊಮೋನನು ದೇವಾಲಯವನ್ನು ಕಟ್ಟಿಸಿದನೆಂದೂ ಸತ್ಯವೇದವು ಹೇಳುವುದು. ಆ ದೇವಾಲಯವು ಬಾಬೆಲಿನವರಿಂದ ಸುಮಾರು ಕ್ರಿ. ಪೂ. ೫೮೬ರಲ್ಲಿ ಹಾಳಾಯಿತು. ಸೆರೆಯಿಂದ ಮರಳಿ ಬಂದವರು ಕಟ್ಟಿದ ಎರಡನೆಯ ದೇವಾಲಯವನ್ನು ಮಹಾ ಹೆರೋದನು ವೈಭವದಿಂದ ವಿಸ್ತರಿಸಿದನು. ರೋಮನರು ಅದನ್ನು ಕ್ರಿ. ಶ. ೭೦ರಲ್ಲಿ ಸುಟ್ಟು ಕೆಡವಿದರು. ತರುವಾಯ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಪವಿತ್ರ ಸಮಾಧಿಯ ದೇವಾಲಯವು ಎದ್ದು, ೩೩೫ರಲ್ಲಿ ಪ್ರತಿಷ್ಠಿತವಾಯಿತು.

ಸುಮಾರು ೬೩೮ರಲ್ಲಿ ಪಟ್ಟಣವು ಖಲೀಫ ಉಮರನಿಗೆ ಅಧೀನವಾಯಿತು. ಕ್ರೈಸ್ತ ದೇವಾಲಯದೊಳಗೆ ಪ್ರಾರ್ಥನೆಮಾಡಲು ಅವನನ್ನು ಕರೆದಾಗ, ತಾನು ಇಲ್ಲಿ ಪ್ರಾರ್ಥಿಸಿದರೆ ಮುಂದೆ ತನ್ನವರು ಇದನ್ನು ಮಸೀದಿಯಾಗಿ ಮಾಡಿಕೊಂಡಾರೆಂದು ಅವನು ಒಪ್ಪದೆ ಹೊರಗೆ ಪ್ರಾರ್ಥಿಸಿದನೆಂದು ಪರಂಪರೆಯ ಕಥೆಯುಂಟು. ಎಲ್ಲ ವಿಜಯಿಗಳೂ ಹಾಗೆ ನಡೆದುಕೊಳ್ಳಲಿಲ್ಲ. ೧೦೦೯ರಲ್ಲಿ ಖಲೀಫ ಹಾಕಿಮನು ಅದೇ ದೇವಾಲಯವನ್ನು ಕೆಡವಿಸಿದನು. ೧೦೯೯ರಲ್ಲಿ ಐರೋಪ್ಯ ಧರ್ಮಯೋಧರು ಶಿಲುಬೆಯ ಗುರುತನ್ನು ಧರಿಸಿ ಒಳನುಗ್ಗಿ, ಮುಸಲ್ಮಾನರನ್ನೂ ಯೆಹೂದ್ಯರನ್ನೂ ಗುಂಪುಗುಂಪಾಗಿ ಕೊಂದರು. ಕ್ರೈಸ್ತರು ಇದನ್ನು ಮರೆಮಾಚದೆ ದುಃಖದಿಂದ ನೆನೆಯತಕ್ಕದ್ದಾಗಿದೆ. ೧೧೮೭ರಲ್ಲಿ ಸಲಾದೀನನು ಪಟ್ಟಣವನ್ನು ಹಿಡಿದಾಗ ಅಂತಹ ಹತ್ಯೆ ನಡೆಯಲಿಲ್ಲ. ಈಡುಹಣ ಕೊಟ್ಟವರು ಹೊರಟುಹೋಗುವಂತೆ ಅಪ್ಪಣೆಯಾಯಿತು.

ಈಗ ಹಳೆಯ ಪಟ್ಟಣವನ್ನು ಸುತ್ತಿರುವ ಗೋಡೆಯು ತುರ್ಕಿ ಸುಲ್ತಾನನಾದ ಸುಲೇಮಾನನು ಕಟ್ಟಿಸಿದ್ದು. ಕೆಲಸವು ೧೫೪೧ರ ಸುಮಾರಿಗೆ ಮುಗಿಯಿತು. ಅದರ ಸುತ್ತಳತೆ ಸುಮಾರು ಎರಡೂವರೆ ಮೈಲಿ, ಸರಾಸರಿ ಎತ್ತರ ೪೦ ಅಡಿ. ಏಳು ಬಾಗಿಲುಗಳು ತೆರೆದಿವೆ. ಪೂರ್ವದ ಸುವರ್ಣದ್ವಾರವು ಕಲ್ಲಿನಿಂದ ಮುಚ್ಚಲ್ಪಟ್ಟಿದೆ. ಒಳಗೆ ಮುಸಲ್ಮಾನರ, ಕ್ರೈಸ್ತರ, ಯೆಹೂದ್ಯರ, ಆರ್ಮೇನಿಯರ ಕೇರಿಗಳೆಂಬ ನಾಲ್ಕು ಭಾಗಗಳಿವೆ. ಇದೆಲ್ಲವೂ ಕೂಡಿ ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲವೆಂದರೆ ನಮ್ಮ ವಾಚಕರು ಆಶ್ಚರ್ಯಪಡುವರು.

ಆಗ್ನೇಯ ದಿಕ್ಕಿನಲ್ಲಿ ಸುಮಾರು ೩೫ ಎಕರೆ ವಿಸ್ತಾರವುಳ್ಳ ಜಗಲಿಯಿದೆ. ಪೂರ್ವದ ದೇವಾಲಯವು ಇದ್ದುದು ಇಲ್ಲಿಯೇ. ಈಗ ಅದರ ಮೇಲೆ ಅಲ್ ಅಕ್ಸಾ ಮಸೀದಿಯೂ, ೬೯೧ರ ಸುಮಾರಿಗೆ ಖಲೀಫ ಅಬ್ದುಲ್ ಮಲಿಕನು ಪೂರೈಸಿದ, ಎಂಟು ಮೂಲೆಗಳುಳ್ಳ, ಬಂಗಾರದ ಗುಮ್ಮಟದ ಶಿಲಾಮಂದಿರವೂ ಇವೆ. ಮಂದಿರದೊಳಗಿನ ಬಂಡೆಯನ್ನು ಪೈಗಂಬರರು ಸ್ವರ್ಗಕ್ಕೇರಿದ ಸ್ಥಳವೆಂದು ಮುಸಲ್ಮಾನರೂ, ಅಬ್ರಹಾಮನು ಮಗನನ್ನು ಬಲಿಗೆಂದು ತಂದ ಮೊರೀಯ ಬೆಟ್ಟವೆಂದು ಯೆಹೂದ್ಯರೂ ಗೌರವಿಸುವರು. ಈ ಜಗಲಿಯನ್ನು ಪಡುವಲಲ್ಲಿ ಆನಿಸಿ ಹಿಡಿದಿರುವ ಹೆರೋದನ ಕಾಲದ ಗೋಡೆಯೇ ಯೆಹೂದ್ಯರ ಪ್ರಾರ್ಥನಾಸ್ಥಳ. ಅವರು ತಮ್ಮ ಬಿನ್ನಹಗಳನ್ನು ಚೀಟಿಗಳಲ್ಲಿ ಬರೆದು ಕಲ್ಲುಗಳ ಸಂದಿನಲ್ಲಿಡುವರು. ಒಬ್ಬರು ಹಣೆಯಿಟ್ಟು ಪ್ರಾರ್ಥಿಸುವ ಗೋಡೆಯೇ ಇನ್ನೊಬ್ಬರ ಪ್ರಾರ್ಥನಾಂಗಣವನ್ನು ಹೊತ್ತಿದೆ. ಒಂದನ್ನು ಕಿತ್ತರೆ ಇನ್ನೊಂದು ನಿಲ್ಲಲಾರದು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಕ್ರಿಸ್ತನ ಮರಣವೂ ಪುನರುತ್ಥಾನವೂ ಆದ ಸ್ಥಳವೆಂದು ಪೂಜ್ಯವಾದ ಪವಿತ್ರ ಸಮಾಧಿಯ ದೇವಾಲಯವಿದೆ. ಗ್ರೀಕರು, ರೋಮನ್ ಕಥೋಲಿಕರು, ಆರ್ಮೇನಿಯರು, ಕೊಪ್ಟರು, ಇಥಿಯೋಪಿಯರು, ಸಿರಿಯನರು ಎಂಬ ಆರು ಸಭೆಗಳವರು ಅದನ್ನು ಹಂಚಿಕೊಂಡಿರುವರು. ಯಾವ ದೀಪವು ಯಾರದು, ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು ಎಂಬುದಕ್ಕೂ ಕಟ್ಟಳೆಯುಂಟು. ೧೭೫೭ ಮತ್ತು ೧೮೫೨ರ ತುರ್ಕಿ ಆಜ್ಞೆಗಳೇ ಅದಕ್ಕೆ ಆಧಾರ. ಬಾಗಿಲ ಮೇಲಣ ಕಿಟಕಿಗೆ ಒರಗಿಸಿದ ಒಂದು ಸಣ್ಣ ಏಣಿಯು ಹದಿನೆಂಟನೆಯ ಶತಮಾನದಿಂದಲೂ ಅಲ್ಲಿಯೇ ಇದೆ! ಬಾಗಿಲಿನ ಬೀಗದಕೈ ಮಾತ್ರ ಹಲವು ಶತಮಾನಗಳಿಂದ ಒಂದು ಮುಸಲ್ಮಾನ ಮನೆತನದವರ ವಶದಲ್ಲಿದ್ದು, ಬಾಗಿಲನ್ನು ತೆರೆಯುವವರು ಇನ್ನೊಂದು ಮುಸಲ್ಮಾನ ಮನೆತನದವರು. ೧೯೪೭ರಿಂದ ಕಬ್ಬಿಣದ ತೊಲೆಗಳ ಆಸರೆಯಲ್ಲಿ ನಿಂತಿದ್ದ ಸಮಾಧಿಮಂಟಪವು, ಸಭೆಗಳು ಏಕಮತಕ್ಕೆ ಬಂದ ಮೇಲೆ, ೨೦೧೭ರಲ್ಲಿ ಜೀರ್ಣೋದ್ಧಾರವಾಯಿತು. ಜಗಳವು ಎಪ್ಪತ್ತು ವರ್ಷ ತಡೆದುದನ್ನು ಒಮ್ಮತವು ಒಂದು ವರ್ಷದಲ್ಲಿ ನೆರವೇರಿಸಿತು.

ಕಿದ್ರೋನ್ ಕಣಿವೆಯನ್ನು ದಾಟಿದರೆ ಎಣ್ಣೇಮರಗಳ ಗುಡ್ಡದ ಬುಡದಲ್ಲಿ ಗೆತ್ಸೇಮನೆ ತೋಟವಿದೆ. ಅಲ್ಲಿಯ ಎಂಟು ಮುದಿಮರಗಳಲ್ಲಿ ಮೂರರ ಕಾಂಡಗಳು ಹನ್ನೆರಡನೆಯ ಶತಮಾನದವೆಂದು ವಿಜ್ಞಾನಿಗಳು ೨೦೧೨ರಲ್ಲಿ ಪ್ರಕಟಿಸಿದರು. ಇಷ್ಟೊಂದು ಸೇನೆಗಳನ್ನು ಕಂಡ ಆ ಮರಗಳು ಇಂದಿಗೂ ಕಾಯಿ ಬಿಡುವವು.

೧೯೧೭ರ ಡಿಸೆಂಬರಿನಲ್ಲಿ ಪಟ್ಟಣವು ಆಂಗ್ಲರ ವಶವಾದಾಗ, ಸೇನಾಪತಿ ಅಲೆನ್‌ಬಿಯು ಕುದುರೆಯಿಂದಿಳಿದು ಕಾಲ್ನಡಿಗೆಯಿಂದ ಯಾಫಾ ಬಾಗಿಲನ್ನು ಪ್ರವೇಶಿಸಿದನು. ಆ ದೇಶದ ಯುದ್ಧದಲ್ಲಿ ನಮ್ಮವರೂ ಇದ್ದರು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ರಾವುತರಲ್ಲಿ ಮೈಸೂರು ಲ್ಯಾನ್ಸರ್ಸ್ ದಳವು ಸೇರಿತ್ತು. ೧೯೪೮ರ ಯುದ್ಧದಲ್ಲಿ ಯೆರೂಸಲೇಮು ಇಬ್ಭಾಗವಾಯಿತು. ೧೯೬೭ರಲ್ಲಿ ಇಸ್ರಾಯೇಲು ಪೂರ್ವಭಾಗವನ್ನೂ ಹಿಡಿಯಿತು. ಇಸ್ರಾಯೇಲರಿಗೂ ಪ್ಯಾಲೆಸ್ಟೀನಿಯರಿಗೂ ನಡುವೆ ಈ ಪಟ್ಟಣದ ವಿವಾದವು ಇನ್ನೂ ತೀರಿಲ್ಲ. ೧೯೮೧ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪಟ್ಟಣವು, ಮರುವರ್ಷವೇ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೂ ಸೇರಿತು.

ಯೆರೂಸಲೇಮನ್ನು ಗೆದ್ದವರ ಹೆಸರುಗಳು ಬಹಳ. ಅದನ್ನು ಪೂರ್ಣವಾಗಿ ತಮ್ಮದಾಗಿ ಉಳಿಸಿಕೊಂಡವರು ಒಬ್ಬರೂ ಇಲ್ಲ. ಅಂಧಕಾರದಲ್ಲಿ ಬಂಡೆಯ ಆಚೆಯಿಂದ ಬಂದ ಮನುಷ್ಯರ ಕೂಗಿಗೆ ಕಿವಿಗೊಟ್ಟುದರಿಂದಲೇ ಆ ಊರಿಗೆ ನೀರು ಬಂದಿತು. ಅದೇ ರೀತಿಯಲ್ಲಿ ಅದಕ್ಕೆ ಶಾಂತಿಯೂ ಬರಲೆಂದು, ಆ ಹೆಸರನ್ನು ಬಾಲ್ಯದಲ್ಲಿ ಕಲಿತ ನಾವೆಲ್ಲರೂ ಹಾರೈಸೋಣ.