ಅಂಗೈಯಗಲದ ಲಾರಿ, ಕಾಲಂಗುಲದ ಮುಖ

ಮದುವೆಯ ಮನೆಯಲ್ಲಿ ವಾಲಗದವರ ಸುತ್ತ ಜನ ನೆರೆಯುವುದುಂಟು. ಉಗ್ರಾಣದ ಬಾಗಿಲಲ್ಲಿ ನಿಂತು ಅಕ್ಕಿ ಬೇಳೆ ಅಳೆದುಕೊಡುವವನ ಹೆಸರನ್ನು ಕೇಳುವವರು ವಿರಳ. ಯುದ್ಧದ ಕಥೆಯೂ ಹೀಗೆಯೇ. ಟ್ಯಾಂಕು, ಫಿರಂಗಿ, ವಿಮಾನಗಳು ಚರಿತ್ರೆಯ ಪುಟಗಳನ್ನೂ ಚಲನಚಿತ್ರದ ತೆರೆಯನ್ನೂ ತುಂಬಿಕೊಂಡಿವೆ. ಅವುಗಳಿಗೆ ಪೆಟ್ರೋಲನ್ನೂ ಮದ್ದುಗುಂಡನ್ನೂ, ಸೈನಿಕರಿಗೆ ಅನ್ನವನ್ನೂ ಹೊತ್ತು ಹಗಲಿರುಳು ಓಡಿದ ಲಾರಿಯನ್ನು ನೆನೆಯುವವರು ಕಡಿಮೆ. ಆದರೆ ಒಂದು ವರ್ಗದ ಜನ ಅದನ್ನು ಮರೆತಿಲ್ಲ. ಅವರು ಸೇನಾಪತಿಗಳಲ್ಲ, ಇತಿಹಾಸದ ಪಂಡಿತರೂ ಅಲ್ಲ. ಪ್ಲಾಸ್ಟಿಕ್ ತುಣುಕುಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಪುಟ್ಟ ಪ್ರತಿಕೃತಿಗಳನ್ನು ಕಟ್ಟುವ ಹವ್ಯಾಸಿಗಳು.

ಇಂಥವರ ಮೇಜಿನ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಲಾರಿಯೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಬೆನ್ನೆಲುಬಾಗಿದ್ದ ಜಿ.ಎಂ.ಸಿ. ಸಂಸ್ಥೆಯ ಎರಡೂವರೆ ಟನ್ನಿನ ಲಾರಿ ಅದು. ಮೂರು ಅಚ್ಚುಗಳು, ಮೂರಕ್ಕೂ ಎಂಜಿನ್ನಿನ ಬಲ. ಕೆಸರಿನಲ್ಲಿ ಹಿಂದಿನ ಚಕ್ರ ಹೂತರೆ ಮುಂದಿನ ಚಕ್ರ ಎಳೆಯಬೇಕು, ಮುಂದಿನದು ಜಾರಿದರೆ ಹಿಂದಿನದು ತಳ್ಳಬೇಕು ಎಂಬುದು ಅದರ ರಚನೆಯ ತತ್ತ್ವ. 1941ರಿಂದ 1945ರ ವರೆಗೆ ಐದೂವರೆ ಲಕ್ಷಕ್ಕೂ ಹೆಚ್ಚು ಲಾರಿಗಳು ತಯಾರಾದುವು. ಕಾಗದಪತ್ರಗಳಲ್ಲಿ ಅದರ ಹೆಸರು ಸಿ.ಸಿ.ಕೆ.ಡಬ್ಲ್ಯು.; ಸೈನಿಕರ ಬಾಯಲ್ಲಿ ಮಾತ್ರ ಅದು ಮುದ್ದಿನ ‘ಜಿಮ್ಮಿ’.

ಮೂವತ್ತೈದರಲ್ಲೊಂದು

ಈ ಪ್ರತಿಕೃತಿಗಳ ಅಳತೆ ಸಾಮಾನ್ಯವಾಗಿ 1:35. ಎಂದರೆ ನಿಜವಾದ ಲಾರಿಯ ಮೂವತ್ತೈದು ಅಂಗುಲ ಇಲ್ಲಿ ಒಂದಂಗುಲ. ಇಪ್ಪತ್ತೊಂದು ಅಡಿ ಉದ್ದದ ಜಿಮ್ಮಿ ಏಳಂಗುಲಕ್ಕೆ ಇಳಿಯುತ್ತದೆ. ಪೆಟ್ರೋಲ್ ಡಬ್ಬ ಅರ್ಧ ಅಂಗುಲವಾಗುತ್ತದೆ. ಮೂವತ್ತೈದೇ ಏಕೆ, ಮೂವತ್ತು ಅಥವಾ ನಲವತ್ತು ಏಕಲ್ಲ ಎಂದು ವಾಚಕರು ಕೇಳಬಹುದು. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಜಪಾನಿನ ಶಿಜುಓಕ ನಗರದ ತಮಿಯ ಸಂಸ್ಥೆ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿ, ಮರದ ಮಾದರಿಗಳಿಂದ ಪ್ಲಾಸ್ಟಿಕ್ ಮಾದರಿಗಳಿಗೆ ಬಂದಿತು. 1960ರ ದಶಕದ ಆರಂಭದಲ್ಲಿ ಅದು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಚಲಿಸುವ ಮಾದರಿಯೊಂದನ್ನು ಹೊರತಂದಿತು. ಒಳಗೆ ಪುಟ್ಟ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿದ ಮೇಲೆ ಅಳತೆ ಹಾಕಿ ನೋಡಿದರೆ ಅದು ಸುಮಾರು ಮೂವತ್ತೈದರಲ್ಲೊಂದು ಪಾಲು! ಬ್ಯಾಟರಿಯ ಗಾತ್ರ ನಿರ್ಣಯಿಸಿದ ಆ ಅಳತೆಯೇ ಕಾಲಕ್ರಮದಲ್ಲಿ ಪ್ರಪಂಚದ ಹವ್ಯಾಸಿಗಳೆಲ್ಲರ ಅಳತೆಯಾಯಿತು.

ಜೋಡಣೆಯ ಶಿಸ್ತು

ಪೆಟ್ಟಿಗೆಯನ್ನು ತೆರೆದರೆ ಲಾರಿ ಕಾಣಿಸದು. ಬಳ್ಳಿಗೆ ಕಾಯಿ ಕಚ್ಚಿದಂತೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ತುಣುಕುಗಳು ಮಾತ್ರ ಇರುತ್ತವೆ. ಅವುಗಳನ್ನು ಕೈಯಿಂದ ಕಿತ್ತರೆ ಗಾಯವಾಗುವುದು. ಸಣ್ಣ ಇಕ್ಕಳಗತ್ತರಿಯಿಂದ ತುಸು ದೂರದಲ್ಲಿಯೇ ಕತ್ತರಿಸಿ, ಉಳಿದ ಮೊಳಕೆಯನ್ನು ಚೂರಿಯಿಂದ ಸವರಿ, ಕೊನೆಗೆ ನಯವಾದ ಮರಳುಕಾಗದದಿಂದ ಉಜ್ಜಬೇಕು.

ಜೋಡಣೆಗೆ ಬಳಸುವ ದ್ರವವನ್ನು ಅಂಟು ಎನ್ನುವುದು ರೂಢಿ. ಅದು ನಿಜವಾಗಿ ಅಂಟಲ್ಲ, ದ್ರಾವಕ. ಎರಡು ತುಣುಕುಗಳ ಅಂಚನ್ನು ಅದು ಕ್ಷಣಕಾಲ ಕರಗಿಸುತ್ತದೆ. ಆವಿಯಾಗಿ ಹೋದ ಮೇಲೆ ಎರಡೂ ಒಂದೇ ವಸ್ತುವಾಗಿ ಬೆಸೆದುಕೊಳ್ಳುತ್ತವೆ. ಆದ್ದರಿಂದ ಒಂದು ಹನಿ ಸಾಕು. ಹೆಚ್ಚಾದರೆ ಲಾರಿಯ ಬಾಗಿಲೇ ಕರಗಿ ವಿಕಾರವಾದೀತು. ಇದರ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಮಕ್ಕಳ ಕೈಗೆ ಸೀಸೆ ಸಿಕ್ಕದಂತಿರಬೇಕು.

ಮೊದಲು ಕಟ್ಟುವುದು ಕೆಳಗಿನ ಚೌಕಟ್ಟನ್ನು. ಏಣಿಯಂಥ ಎರಡು ಉದ್ದದ ತೊಲೆಗಳು, ಅಡ್ಡಪಟ್ಟಿಗಳು, ಪಟ್ಟಿ ಸ್ಪ್ರಿಂಗುಗಳು, ಮೂರು ಅಚ್ಚುಗಳು. ಮನೆ ಕಟ್ಟುವವನು ತಳಪಾಯಕ್ಕೆ ಮಟ್ಟ ಹಿಡಿಯುವಂತೆ ಇಲ್ಲಿಯೂ ಮಟ್ಟ ನೋಡಬೇಕು. ಬೆಸುಗೆ ಗಟ್ಟಿಯಾಗುವ ಮುನ್ನವೇ ಚಕ್ರಗಳನ್ನು ಸುಮ್ಮನೆ ಸಿಕ್ಕಿಸಿ, ಲಾರಿಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ ನೋಡುವುದು ಅನುಭವಿಗಳ ಕ್ರಮ. ಒಂದು ಚಕ್ರ ನೆಲಕ್ಕೆ ತಾಗದೆ ಗಾಳಿಯಲ್ಲಿ ತೇಲಿದರೂ ಮುಂದಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಸರಿ. ಚಾಲಕನ ಕೋಣೆ, ಹಿಂದಿನ ತೊಟ್ಟಿ, ಟೈರುಗಳು ಇವನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಸೇರಿಸಿಬಿಟ್ಟರೆ ಒಳಮೂಲೆಗಳಿಗೆ ಕುಂಚ ಹೋಗದು.

ಬಣ್ಣದ ವಿಚಾರ

ಮೇಲ್ಮೈಯಲ್ಲಿ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯದು. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಮೊದಲು ಒಂದು ತೆಳುವಾದ ಅಸ್ತರಿ ಬಣ್ಣ ಕೊಡಬೇಕು. ಅನಂತರ ಬರುವುದು ‘ಆಲಿವ್ ಡ್ರಾಬ್’ ಎಂಬ ಸೈನ್ಯದ ಬಣ್ಣ. ಹಳದಿ ಕಾವಿಗೆ ಕಪ್ಪು ಬೆರೆತಂತಿರುವ, ಹಸಿರೋ ಕಂದೋ ಎಂದು ಹೇಳಲಾಗದ ಮಂಕು ಬಣ್ಣವದು. ಇದನ್ನು ಸೀಸೆಯಲ್ಲಿದ್ದಂತೆಯೇ ಬಳಿದರೆ ಪುಟ್ಟ ಲಾರಿ ಅಸಹಜವಾಗಿ ಕಪ್ಪಾಗಿ ತೋರುವುದು. ದೂರದ ಬೆಟ್ಟ ನುಣ್ಣಗೆ ಮಾತ್ರವಲ್ಲ, ತೆಳುನೀಲಿಯಾಗಿಯೂ ಕಾಣುವುದಷ್ಟೆ? ಒಂದಡಿ ದೂರದಿಂದ ಈ ಮಾದರಿಯನ್ನು ನೋಡುವುದೆಂದರೆ ನಿಜವಾದ ಲಾರಿಯನ್ನು ಮೂವತ್ತೈದು ಅಡಿ ದೂರದಿಂದ ನೋಡಿದಂತೆ. ಆದಕಾರಣ ಬಣ್ಣಕ್ಕೆ ತುಸು ತಿಳಿಬಣ್ಣ ಬೆರೆಸಿ, ದಪ್ಪನೆಯ ಒಂದು ಲೇಪಕ್ಕೆ ಬದಲು ತೆಳುವಾದ ಮೂರು ಲೇಪಗಳನ್ನು ಕೊಡುತ್ತಾರೆ.

ಬಾಗಿಲ ಬಿಳಿಯ ನಕ್ಷತ್ರ ನೀರಿನಲ್ಲಿ ನೆನೆಸಿ ಅಂಟಿಸುವ ಚೀಟಿ. ಒರಟು ಬಣ್ಣದ ಮೇಲೆ ಅದನ್ನು ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುವುದು; ಮೊದಲು ಹೊಳಪಿನ ವಾರ್ನಿಷ್ ಬಳಿದರೆ ಈ ದೋಷವಿಲ್ಲ. ಆಮೇಲೆ ನೀರಾಗಿಸಿದ ಕಡುಗಂದು ಬಣ್ಣವನ್ನು ಸಂದುಗೊಂದುಗಳಿಗೆ ಹರಿಯಿಸಿದರೆ ನೆರಳು ಮೂಡುತ್ತದೆ. ಒಣಕುಂಚದಿಂದ ಅಂಚುಗಳನ್ನು ಸವರಿದರೆ ಸವೆತ ಕಾಣುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್, ಅದರ ಮೇಲೆ ಧೂಳು.

ಧೂಳು ಯಾವ ದಾರಿಯದು?

ಕುಶಲಕರ್ಮಿ ಕೈ ತಡೆದು ಯೋಚಿಸಬೇಕಾದ ಸ್ಥಳವಿದು. ಧೂಳಿಗೂ ಒಂದು ಊರಿದೆ. ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡುಗಳನ್ನು ಸೀಳಿಕೊಂಡು ಹೋದ ಹೊಸ ರಸ್ತೆಯಲ್ಲಿ 1945ರ ಜನವರಿ 12ರಂದು ಹೊರಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಚೀಣದ ಕುನ್‌ಮಿಂಗ್ ಸೇರಿತು. ಆ ಬೆಟ್ಟದಾರಿಯ ಕೆಸರು ಬೇರೆ, ಫ್ರಾನ್ಸಿನ ಹೆದ್ದಾರಿಯ ಧೂಳು ಬೇರೆ. ಹವ್ಯಾಸಿಗಳಲ್ಲಿ ಅನೇಕರು ಆರಿಸಿಕೊಳ್ಳುವುದು ಫ್ರಾನ್ಸಿನ ದಾರಿಯನ್ನು. ಅದಕ್ಕೆ ಕಾರಣವಿದೆ.

1944ರ ಜೂನ್ 6ರಂದು ಮಿತ್ರಸೇನೆ ನಾರ್ಮಂಡಿಯ ತೀರದಲ್ಲಿ ಇಳಿಯಿತು. ಶತ್ರುವಿನ ಸಂಚಾರವನ್ನು ತಡೆಯಲೆಂದು ಫ್ರಾನ್ಸಿನ ರೈಲುಮಾರ್ಗಗಳನ್ನು ಮೊದಲೇ ಬಾಂಬುಗಳಿಂದ ಮುರಿದಿದ್ದರು. ಆಗಸ್ಟಿನಲ್ಲಿ ಸೇನೆ ನಿರೀಕ್ಷೆಗೆ ಮೀರಿದ ವೇಗದಿಂದ ಮುನ್ನುಗ್ಗಿದಾಗ, ಮುರಿದ ಆ ಹಳಿಗಳೇ ಅದಕ್ಕೆ ತೊಡಕಾದುವು. ಸಾಮಗ್ರಿ ಸಮುದ್ರತೀರದಲ್ಲಿ, ಸೈನ್ಯ ನೂರಾರು ಮೈಲಿ ದೂರದಲ್ಲಿ. ಆಗ, ಆಗಸ್ಟ್ 25ರಂದು, ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸರಪಳಿ ಆರಂಭವಾಯಿತು. ಎರಡು ರಸ್ತೆಗಳನ್ನು ಸೇನೆಗೇ ಮೀಸಲಿಟ್ಟರು: ತುಂಬಿದ ಲಾರಿಗಳು ಹೋಗಲು ಒಂದು, ಬರಿದಾದುವು ಮರಳಲು ಇನ್ನೊಂದು. ಆಗಸ್ಟ್ 29ರಂದು 5,958 ವಾಹನಗಳು ಹನ್ನೆರಡು ಸಾವಿರ ಟನ್ನಿಗೂ ಹೆಚ್ಚು ಭಾರ ಸಾಗಿಸಿದುವು. ನವೆಂಬರ್ 16ರಂದು ಸರಪಳಿ ನಿಲ್ಲುವ ಹೊತ್ತಿಗೆ ನಾಲ್ಕು ಲಕ್ಷ ಟನ್ನಿಗೂ ಮಿಕ್ಕಿದ ಸರಕು ಮುಂದಕ್ಕೆ ತಲಪಿತ್ತು. ಶತ್ರುವಿಮಾನಗಳ ಭಯದಿಂದ ರಾತ್ರಿಯಲ್ಲಿ ಬೆಕ್ಕಿನ ಕಣ್ಣಿನಷ್ಟೇ ದೀಪ, ನಿದ್ರೆಗೆಟ್ಟ ಕಣ್ಣುಗಳು, ಅತಿಭಾರದಿಂದ ಸಿಡಿಯುವ ಟೈರುಗಳು.

ಈ ಲಾರಿಗಳನ್ನು ನಡೆಸಿದವರು ಯಾರು? ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕ ಮೂಲದ ಕಪ್ಪು ಅಮೆರಿಕನರು. ಅಂದಿನ ಅಮೆರಿಕದ ಸೇನೆಯಲ್ಲಿ ಅವರ ದಳಗಳು ಬೇರೆ, ಊಟದ ಮನೆ ಬೇರೆ. ಬಂದೂಕು ಹಿಡಿಯುವ ಗೌರವವನ್ನು ಅವರಲ್ಲಿ ಬಹುಮಂದಿಗೆ ಕೊಡದೆ, ಹೊರುವ, ಅಗೆಯುವ, ಸಾಗಿಸುವ ಕೆಲಸಗಳಿಗೆ ಹಚ್ಚಿದ್ದರು. ಸೇನೆಯಲ್ಲಿ ಈ ಭೇದವನ್ನು ಕೊನೆಗಾಣಿಸುವ ಆಜ್ಞೆಗೆ ಅಧ್ಯಕ್ಷ ಟ್ರೂಮನ್ನರು ಸಹಿ ಹಾಕಿದುದು 1948ರ ಜುಲೈ 26ರಂದು. ಯುದ್ಧ ಮುಗಿದು ಮೂರು ವರ್ಷಗಳು ಸಂದ ಮೇಲೆ. 1952ರಲ್ಲಿ ಇದೇ ಲಾರಿ ಸರಪಳಿಯ ಹೆಸರಿನಲ್ಲಿ ಹಾಲಿವುಡ್ಡಿನ ಚಿತ್ರವೊಂದು ಬಂದಿತು. ಅದರಲ್ಲಿಯೂ ನಾಯಕ ಬಿಳಿಯ ನಟನೇ. ಮುಂದೆ ಜಗದ್ವಿಖ್ಯಾತನಾದ ಸಿಡ್ನಿ ಪ್ವಾಟಿಯೇಗೆ ದೊರೆತುದು ಉಪಪಾತ್ರ.

ಕಾಲಂಗುಲದ ಮುಖ

ಪ್ರತಿಕೃತಿಯ ಕೊನೆಯ ಕೆಲಸಕ್ಕೆ ಈಗ ಬರಬಹುದು. ಲಾರಿಯ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಚಾಲಕನ ಗೊಂಬೆಯೊಂದಿರುತ್ತದೆ. ನಿಂತರೆ ಎರಡಂಗುಲದ ಆಳು, ಮುಖ ಕಾಲಂಗುಲ. ಬಣ್ಣದ ಸೀಸೆಗಳ ಸಾಲಿನಲ್ಲಿ ‘ಫ್ಲೆಶ್’, ಎಂದರೆ ಮೈಬಣ್ಣ, ಎಂಬ ಹೆಸರಿನದೊಂದಿದೆ. ತೆರೆದು ನೋಡಿದರೆ ಅದು ನಸುಗೆಂಪಿನ ಬಿಳಿಯರ ಮೈಬಣ್ಣ. ಮನುಷ್ಯನ ಮೈಬಣ್ಣ ಒಂದೇ ಎಂಬಂತೆ ಆ ಹೆಸರು! ಮಕ್ಕಳ ಕ್ರೆಯಾನಿನ ಪೆಟ್ಟಿಗೆಯಲ್ಲಿಯೂ ಹೀಗೆಯೇ ಇತ್ತು. ಅಮೆರಿಕದ ಕ್ರಯೋಲ ಸಂಸ್ಥೆ ಅದೇ ಹೆಸರಿನ ತನ್ನ ಕಡ್ಡಿಯನ್ನು 1962ರಲ್ಲಿ ‘ಪೀಚ್’ ಎಂದು ಕರೆಯಿತು.

ಅಭ್ಯಾಸಬಲದಿಂದ ಆ ಸೀಸೆಗೇ ಕುಂಚ ಅದ್ದಿದರೆ ಗೊಂಬೆ ಅಂದವಾಗಿಯೇ ಕಂಡೀತು. ನಟ್ಟು ಬೋಲ್ಟುಗಳೆಲ್ಲ ನಿಜ, ನಕ್ಷತ್ರ ನಿಜ, ಧೂಳೂ ನಿಜ. ಲಾರಿ ನಡೆಸಿದವನು ಮಾತ್ರ ಸುಳ್ಳಾಗುವ ಸಂಭವವೇ ಹೆಚ್ಚು. ಬಲ್ಲವರು ಇಲ್ಲಿ ಬೇರೆ ಹದ ಹಿಡಿಯುತ್ತಾರೆ. ಬರಿಯ ಕಪ್ಪು ಬಣ್ಣ ಬಳಿಯುವುದಿಲ್ಲ. ಬಳಿದರೆ ಕಣ್ಣು ಮೂಗುಗಳ ಏರಿಳಿತ ಮುಚ್ಚಿಹೋಗುವುದು. ಕೆಂಪು ಬೆರೆತ ಕಂದುಬಣ್ಣದಿಂದ ಮೊದಲುಮಾಡಿ, ಕಣ್ಣಿನ ಗುಳಿ, ಕೊರಳ ಪಕ್ಕಗಳಿಗೆ ಕಡುಗಂದು ಕೊಟ್ಟು, ಹಣೆ, ಮೂಗಿನ ತುದಿ, ಕೆನ್ನೆಯ ಎಲುಬುಗಳ ಮೇಲೆ ಜೇನುಬಣ್ಣದ ಒಂದು ಸಣ್ಣ ಎಳೆಯನ್ನು ಎಳೆಯುತ್ತಾರೆ. ಕೈಬೆರಳುಗಳನ್ನೂ ಮರೆಯುವುದಿಲ್ಲ, ಸ್ಟಿಯರಿಂಗ್ ಹಿಡಿದುದು ಆ ಕೈಯಲ್ಲವೆ?

ಕೆಲಸ ಅರ್ಧ ಗಂಟೆಯದು. ಖರ್ಚು ನಾಲ್ಕು ಹನಿ ಬಣ್ಣ. ಅಷ್ಟಾದ ಮೇಲೆ ಕಪಾಟಿನಲ್ಲಿ ನಿಂತ ಆ ಲಾರಿಯನ್ನು ಕಂಡು ಮನೆಯ ಮಗುವೊಂದು ‘ಈ ಗಾಡಿ ಹೊಡೆಯುವವನು ಯಾರು?’ ಎಂದು ಕೇಳಿದರೆ, ಹಿರಿಯರು ಸರಿಯಾದ ಉತ್ತರ ಹೇಳಬಹುದು.