ತಿಮ್ಮಿಯೋ, ತಿಮ್ಮಕ್ಕನೋ?

ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ಕನ್ನಡದ ಎಷ್ಟೋ ಮನೆಗಳ ಹಳೆಯ ರೂಢಿ. ತೊಡಕು ಶುರುವಾಗುತ್ತಿದ್ದುದು ನಾಮಕರಣ ಮುಗಿದ ಮೇಲೆ. ಅತ್ತೆಯ ಹೆಸರನ್ನು ಬಾಯಿ ಬಿಟ್ಟು ಹೇಳಬಾರದ ಸೊಸೆ, ಅದೇ ಹೆಸರಿನ ಮಗಳನ್ನು ಕೂಗುವುದು ಹೇಗೆ, ಗದರುವುದು ಹೇಗೆ? ಹಾಗಾಗಿ ಇಟ್ಟ ಹೆಸರು ರುಕ್ಮಿಣಿಯಾದರೂ ಮನೆಯವರೆಲ್ಲ ಕರೆಯುವುದು ಪುಟ್ಟಿ, ಚಿನ್ನಿ, ಪಾಪಚ್ಚಿ ಎಂದು. ಕೆಲವರ ನಿಜವಾದ ಹೆಸರು ಊರಿಗೆ ಗೊತ್ತಾಗುತ್ತಿದ್ದುದು ಲಗ್ನಪತ್ರಿಕೆಯಲ್ಲಿಯೇ.

ಹೆಸರು ಮೊಟಕಾಗುವುದಕ್ಕೂ ಒಂದು ಕ್ರಮವಿದೆ. ಮೊದಲಿನ ಅಕ್ಷರಗಳನ್ನು ಉಳಿಸಿಕೊಂಡು ಕೊನೆಗೆ 'ಉ' ಸೇರಿಸಿದರೆ ಮುದ್ದು: ಸರಸ್ವತಿ ಸರಸು ಆಗುತ್ತಾಳೆ, ಜಾನಕಿ ಜಾನು, ರುಕ್ಮಿಣಿ ರುಕ್ಕು. 'ಇ' ಸೇರಿಸಿದರೆ ಸಲಿಗೆ, ಒಮ್ಮೊಮ್ಮೆ ತಾತ್ಸಾರ: ಗಂಗಿ, ನಾಗಿ, ಲಚ್ಚಿ. ಮರ್ಯಾದೆ ಬೇಕಾದಾಗ ಮೈಸೂರು ಸೀಮೆಯಲ್ಲಿ 'ಅಮ್ಮ', ಧಾರವಾಡ, ವಿಜಯಪುರದ ಕಡೆ 'ಅವ್ವ'. ಇಲ್ಲಿನ ಗಂಗಮ್ಮ ಅಲ್ಲಿ ಗಂಗವ್ವ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕತೆಗಳಲ್ಲಂತೂ ಅಕ್ಕು, ಅಮ್ಮಚ್ಚಿ, ಪುಟ್ಟಮ್ಮತ್ತೆಯರು ಮನೆಯ ಕರೆಹೆಸರಿನಲ್ಲೇ ಬದುಕುತ್ತಾರೆ. 2018ರಲ್ಲಿ 'ಅಮ್ಮಚ್ಚಿಯೆಂಬ ನೆನಪು' ಚಿತ್ರದ ಮೂಲಕ ಅವರು ತೆರೆಗೂ ಬಂದರು.

ಆದರೆ 'ಅಮ್ಮ' ಎಂಬ ಆ ಬಾಲ ಎಲ್ಲರ ಪಾಲಿಗೂ ಬರಲಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ತೆರೆದರೆ ಗೌಡರ ಮನೆಯ ಹುಡುಗಿ ಚಿನ್ನಮ್ಮ, ಹೊಲಗೇರಿಯ ಹುಡುಗಿ ತಿಮ್ಮಿ. ಇಬ್ಬರೂ ಮದುವೆಯ ವಯಸ್ಸಿನವರೇ. ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮನ ಮಗಳು ಬರೀ ಬೆಳ್ಳಿ. ಕಾದಂಬರಿಕಾರರು ಇದನ್ನು ಕಟ್ಟಿ ಹೇಳಲಿಲ್ಲ, ಊರಿನಲ್ಲಿ ಕೇಳಿದ್ದನ್ನೇ ಬರೆದರು. ಭೂಮಿಯೂ ಇಲ್ಲದ, ಮೇಲುಜಾತಿಯೂ ಅಲ್ಲದ ಮನೆಗಳ ಹೆಣ್ಣುಮಕ್ಕಳು ತಲೆ ನರೆತ ಮೇಲೂ ಒಡೆಯರ ಬಾಯಲ್ಲಿ ಏಕವಚನದ 'ಇ'ಕಾರದಲ್ಲೇ ಉಳಿದರು. ಹಳ್ಳಿ ಹೆಸರು ನಮ್ಮ ಮಗಳಿಗೆ ಬೇಡ ಎನ್ನುವ ತಾಯಂದಿರ ಮಾತಿನಲ್ಲಿ ಆ ಅವಮಾನದ ನೆನಪೂ ಇರುತ್ತದೆ. ಅದನ್ನು ಪೇಟೆಯ ಷೋಕಿ ಎಂದು ತಳ್ಳಿಹಾಕುವುದು ಅನ್ಯಾಯ.

ಕೆಲವು ಹೆಸರುಗಳ ಹಿಂದೆ ಇನ್ನೂ ದೊಡ್ಡ ಸಂಕಟವಿದೆ. ಹೆತ್ತ ಕೂಸುಗಳು ಉಳಿಯದ ಮನೆಯಲ್ಲಿ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪವ್ವ ಎಂದು ಕರೆಯುತ್ತಿದ್ದರು. ಎಸೆದ ಮಗುವನ್ನು ಸಾವು ಮುಟ್ಟುವುದಿಲ್ಲ ಎಂಬ ನಂಬಿಕೆ. ಅದು ಮಗುವನ್ನು ಉಳಿಸಿಕೊಳ್ಳಲೇಬೇಕೆಂಬ ಹಟ. ಇನ್ನು ಹೆಣ್ಣು ಹುಟ್ಟಿದ್ದು ಸಾಕು ಎಂದು ಇಟ್ಟ ಸಾಕಮ್ಮನ ಕತೆಯೇ ಬೇರೆ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡವಾದವಳು ಎಂದು ಸಾರುವ 'ನಕುಸಾ' ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರಲ್ಲಿ ಒಂದೇ ಸಮಾರಂಭದಲ್ಲಿ ಹೊಸ ಹೆಸರಿಡಲಾಯಿತು. ಅಂಥವು ಮರಳಿ ಬರುವುದೇ ಬೇಡ. ಹಾಗಿದ್ದೂ ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ಕಟ್ಟಿದ ಸಾಕಮ್ಮನವರು ಆ ಹೆಸರನ್ನು ಮನೆಮಾತಾಗಿಸಿದರು.

ಈಚೆಗೆ ಜಾನಕಿ, ಗೌರಿ, ಮೈತ್ರೇಯಿ ಮತ್ತೆ ತೊಟ್ಟಿಲಿಗೆ ಬರುತ್ತಿದ್ದಾರೆ. ಸಂಸ್ಕೃತದ ಹೆಸರುಗಳಿಗೆ ಸಿಕ್ಕ ಈ ಆದರ ನಿಂಗವ್ವ, ಬೋರಮ್ಮರಿಗೂ ಸಿಗಬೇಕಿತ್ತು. ಅವು ಊರ ದೇವರಿಂದ ಬಂದ ಹೆಸರುಗಳು, ಉಚ್ಚಾರಕ್ಕೆ ಹಗುರ, ಕೇಳಲು ಗಟ್ಟಿ. ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು, ಅದಕ್ಕೆ ಒಂದು ವರ್ಷ ಮೊದಲು ಸೂಲಗಿತ್ತಿ ನರಸಮ್ಮನವರಿಗೆ. ಇಬ್ಬರ ಹೆಸರನ್ನೂ ನಾಡು ಅಕ್ಕರೆಯಿಂದಲೇ ಹೇಳುತ್ತದೆ. ಮಗಳಿಗೆ ಇಡಲು ಮಾತ್ರ ಕೈ ಹಿಂದೆ ಸರಿಯುತ್ತದೆ. 2021ರಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀ ಅವರ ಪಾತ್ರದ ಹೆಸರು ಪುಟ್ಟಕ್ಕ. ಆಕೆಯ ಹೆಣ್ಣುಮಕ್ಕಳು ಸಹನಾ, ಸ್ನೇಹಾ, ಸುಮಾ.